ಮೂಳೆ ಹೇಳುವುದೆಷ್ಟು, ಕುಂಚ ಸೇರಿಸುವುದೆಷ್ಟು?

ಓದುಗರ ಪ್ರಶ್ನೆ – ಚಿತ್ರಕಾರರ ಉತ್ತರ

ಕಳೆದ ಸಂಚಿಕೆಯಲ್ಲಿ ಗುಜರಾತಿನ ರಾಜಾಸಾರಸ್ ಡೈನೊಸಾರ್‌ನ ವರ್ಣಚಿತ್ರವೊಂದು ಪ್ರಕಟವಾಗಿತ್ತು. ಅದನ್ನು ನೋಡಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ. ಆ ಚಿತ್ರವನ್ನು ಬರೆದ, ಹಾಸನದಲ್ಲಿಯೇ ನೆಲೆಸಿರುವ ಚಿತ್ರಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ರಾಜಾಸಾರಸ್ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಒಬ್ಬ ಹುಡುಗಿ, ‘ಸಿಕ್ಕಿರುವುದು ಮೂಳೆ ಮಾತ್ರ ಅಂದಮೇಲೆ ಮಾಂಸ, ಚರ್ಮ ಎಲ್ಲ ಎಲ್ಲಿಂದ ಬಂತು ಮೇಡಂ?’ ಎಂದು ಕೇಳಿದಳು. ಅವಳಿಗೆ ಏನೆಂದು ಹೇಳಲಿ?
– ಪ್ರೌಢಶಾಲಾ ಚಿತ್ರಕಲಾ ಶಿಕ್ಷಕಿ, ಅರಸೀಕೆರೆ

ಮೊದಲು ಆ ಪ್ರಾಣಿಯ ಲೆಕ್ಕವನ್ನೇ ಒಪ್ಪಿಸುತ್ತೇನೆ. ರಾಜಾಸಾರಸ್‌ನ ಮೂಳೆಗಳು ಗುಜರಾತಿನ ರೈಯೋಲಿ ಗ್ರಾಮದ ಬಳಿ 1980ರ ದಶಕದ ಆರಂಭದಲ್ಲಿ ದೊರೆತವು. ಅದಕ್ಕೆ ಹೆಸರಿಟ್ಟದ್ದು 2003ರಲ್ಲಿ. ಮೆದುಳನ್ನು ಆವರಿಸಿದ್ದ ತಲೆಬುರುಡೆಯ ಭಾಗ, ಅದರ ಮೇಲಿನ ಕುಳ್ಳಾದ ಕೊಂಬು, ಬೆನ್ನುಮೂಳೆಯ ಮಣಿಗಳು, ಸೊಂಟದ ಮೂಳೆ, ಹಿಂಗಾಲು ಮತ್ತು ಬಾಲದ ಕೆಲವು ತುಂಡುಗಳು ಸಿಕ್ಕಿವೆ. ಮುಂಗಾಲುಗಳು ಸಿಕ್ಕಿಲ್ಲ. ನನ್ನ ಚಿತ್ರದಲ್ಲಿ ನೀವು ಕಂಡ ಮೊಂಡು ಮುಂಗಾಲುಗಳು ಅದರ ದೂರದ ಬಂಧುವಾದ, ಅರ್ಜೆಂಟೀನಾದ ಕಾರ್ನೊಟಾರಸ್‌ನಿಂದ ಎರವಲು ತಂದವು. ಇವೆರಡೂ ಅಬೆಲಿಸಾರಿಡ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಆ ಕುಟುಂಬದಲ್ಲಿ ಮುಂಗಾಲು ದೊರೆತಿರುವ ಪ್ರಾಣಿಗಳಲ್ಲೆಲ್ಲ ಅದು ತೀರ ಚಿಕ್ಕದಾಗಿರುವುದರಿಂದ ಈ ಎರವಲನ್ನು ಸಾಕಷ್ಟು ಧೈರ್ಯದಿಂದಲೇ ತರಬಹುದು.

ಇನ್ನು ಮಾಂಸದ ಮಾತು. ಸ್ನಾಯು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ಏಣು, ಗುಳಿ, ಒರಟು ಕಲೆಗಳು ಉಳಿಯುತ್ತವೆ. ತೊಡೆಮೂಳೆಯ ಹಿಂಬದಿಯ ಒಂದು ಉಬ್ಬನ್ನು ನೋಡಿದರೆ, ಬಾಲದ ಬುಡದಿಂದ ಬಂದು ಕಾಲನ್ನು ಹಿಂದಕ್ಕೆಳೆಯುತ್ತಿದ್ದ ಸ್ನಾಯು ಎಷ್ಟು ದಪ್ಪವಿತ್ತೆಂದು ಸುಮಾರಾಗಿ ಅಂದಾಜಿಸಬಹುದು. ಮೊಸಳೆಯಲ್ಲಿ ಆ ಸ್ನಾಯು ಇಂದಿಗೂ ಇದೆ. ಡೈನೊಸಾರ್‌ಗಳ ವಂಶವೃಕ್ಷದಲ್ಲಿ ಒಂದು ಬದಿಗೆ ಮೊಸಳೆಗಳೂ ಇನ್ನೊಂದು ಬದಿಗೆ ಹಕ್ಕಿಗಳೂ ಬದುಕುಳಿದಿವೆ. ಈ ಇಬ್ಬರು ಬಂಧುಗಳಲ್ಲಿಯೂ ಕಾಣುವ ಅಂಗವೊಂದು ನಡುವಿನ ಡೈನೊಸಾರ್‌ಗೂ ಇದ್ದಿರಬೇಕೆಂದು ಊಹಿಸುವುದು ಈ ಕ್ಷೇತ್ರದ ಮೂಲ ಕ್ರಮ. ಒಬ್ಬರಲ್ಲಿ ಮಾತ್ರ ಇದ್ದರೆ ಊಹೆಯ ಬಲ ಕುಗ್ಗುತ್ತದೆ, ಇಬ್ಬರಲ್ಲೂ ಇಲ್ಲದಿದ್ದರೆ ಅದನ್ನು ಬರೆಯಲು ಬೇರೆಯೇ ಪುರಾವೆ ಬೇಕಾಗುತ್ತದೆ.

ಮಕ್ಕಳಿಗೆ ಇದನ್ನು ಮನದಟ್ಟು ಮಾಡಲು ಡೈನೊಸಾರ್‌ಗಿಂತ ನಮ್ಮ ಸೀಮೆಯ ಎರಡು ಪ್ರಾಣಿಗಳೇ ಒಳ್ಳೆಯ ಪಾಠ. ಭದ್ರಾ ಅಭಯಾರಣ್ಯದ ಕಾಟಿಯ ಹೆಗಲಿನಿಂದ ಬೆನ್ನಿನ ನಡುವಿನವರೆಗೆ ಎದ್ದು ಕಾಣುವ ದಿಂಡನ್ನು ನೆನಪಿಸಿಕೊಳ್ಳಿ. ಅದಕ್ಕೆ ಆಧಾರ ಬೆನ್ನುಮೂಳೆಯ ಮಣಿಗಳಿಂದ ಮೇಲಕ್ಕೆ ಉದ್ದವಾಗಿ ಚಾಚಿಕೊಂಡ ಮುಳ್ಳುಗಳು. ಕಾಟಿಯ ಅಸ್ಥಿಪಂಜರವಷ್ಟೇ ಸಿಕ್ಕರೂ ಚಿತ್ರಕಾರನು ಆ ದಿಂಡನ್ನು ಬಿಡಲಾರ. ಈಗ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಸಾಕುವ ಅಮೃತಮಹಲ್ ಎತ್ತಿನ ಹಿಣಿಲನ್ನು ನೋಡಿ. ಅದು ಕೇವಲ ಸ್ನಾಯು ಮತ್ತು ಕೊಬ್ಬು. ಒಳಗೆ ಮೂಳೆಯೇ ಇಲ್ಲ. ಬೆನ್ನುಮೂಳೆಯ ಕೆಲವು ಮುಳ್ಳುಗಳ ತುದಿ ಕವಲಾಗಿರುವುದನ್ನು ಬಲ್ಲ ಪುರಾತತ್ತ್ವಜ್ಞರು ಅದು ಹಿಣಿಲಿರುವ ತಳಿಯೆಂದು ಗುರುತಿಸುತ್ತಾರೆ. ಆದರೆ ಇಂದಿನ ಎತ್ತನ್ನು ಎಂದೂ ನೋಡದವನಿಗೆ ಆ ಕವಲಿನ ಅರ್ಥವೇ ಹೊಳೆಯುವುದಿಲ್ಲ. ಗಂಗೆದೊಗಲಂತೂ ಮೂಳೆಯ ಮೇಲೆ ಯಾವ ಗುರುತನ್ನೂ ಬಿಡುವುದಿಲ್ಲ. ಹೀಗೆ ಒಂದೇ ಕುಲದ ಎರಡು ಪ್ರಾಣಿಗಳಲ್ಲಿ ಒಂದರ ಬೆನ್ನಿನ ಗೆರೆಯನ್ನು ಮೂಳೆಯೇ ಹೇಳಿಕೊಡುತ್ತದೆ, ಇನ್ನೊಂದರದನ್ನು ಮುಚ್ಚಿಡುತ್ತದೆ.

ಈ ಕಾರಣಕ್ಕೆ ಮೂಳೆಗಳ ಮೇಲೆ ಚರ್ಮವನ್ನು ಬಿಗಿದು ಅಂಟಿಸಿದಂತೆ ಪ್ರಾಣಿಯನ್ನು ಬರೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತಲೆಬುರುಡೆಯ ರಂಧ್ರಗಳೆಲ್ಲ ಮುಖದ ಮೇಲೆ ಗುಳಿಗಳಾಗಿ, ಪಕ್ಕೆಲುಬುಗಳೆಲ್ಲ ಎಣಿಸುವಂತೆ ಕಂಡರೆ ಅದು ಎಚ್ಚರಿಕೆಯ ಚಿತ್ರವೆಂಬ ಭ್ರಮೆ ಹುಟ್ಟುತ್ತದೆ. ನಿಜವಾಗಿ ಅದೂ ಒಂದು ಊಹೆಯೇ, ಅದರಲ್ಲೂ ಬದುಕಿರುವ ಯಾವ ಆರೋಗ್ಯವಂತ ಪ್ರಾಣಿಯನ್ನೂ ಹೋಲದ ಊಹೆ. ಕೆನಡಾದಲ್ಲಿ ದೊರೆತ ಎಡ್ಮೊಂಟೊಸಾರಸ್ ಎಂಬ ಸಸ್ಯಾಹಾರಿ ಡೈನೊಸಾರ್‌ನ ತಲೆಯ ಮೇಲೆ, ಹುಂಜದ ಜುಟ್ಟಿನಂತಹ, ಮೂಳೆಯಿಲ್ಲದ ಮೆದುವಾದ ಅಂಗವೊಂದರ ಅಚ್ಚು ಕಲ್ಲಿನಲ್ಲಿ ಉಳಿದಿದ್ದುದನ್ನು 2013ರ ಕೊನೆಯಲ್ಲಿ ಪ್ರಕಟಿಸಲಾಯಿತು. ಆ ಪ್ರಾಣಿಯ ಮೂಳೆಗಳನ್ನು ವಿಜ್ಞಾನಿಗಳು ಅದಕ್ಕಿಂತ ಒಂದು ಶತಮಾನಕ್ಕೂ ಮೊದಲಿನಿಂದ ಬಲ್ಲವರಾಗಿದ್ದರು. ಅಷ್ಟೂ ಕಾಲ ಯಾರ ಚಿತ್ರದಲ್ಲಿಯೂ ಆ ಜುಟ್ಟು ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ನಿಮ್ಮ ವಿದ್ಯಾರ್ಥಿನಿಗೆ ಹೇಳಬಹುದಾದದ್ದು ಇಷ್ಟು: ಚಿತ್ರದ ಪ್ರತಿಯೊಂದು ಗೆರೆಗೂ ಸಾಕ್ಷಿಯ ಒಂದೊಂದು ದರ್ಜೆಯಿದೆ. ಸೊಂಟದ ಅಗಲ ಮೂಳೆಯಿಂದ, ತೊಡೆಯ ದಪ್ಪ ಸ್ನಾಯುವಿನ ಕಲೆಯಿಂದ, ಮುಂಗಾಲು ಬಂಧುವಿನಿಂದ, ಕತ್ತಿನ ಕೆಳಗಿನ ನೆರಿಗೆ ನನ್ನಿಂದ ಬಂದದ್ದು. ಯಾವುದೇ ಚಿತ್ರದ ಮುಂದೆ ನಿಂತು ಇದನ್ನು ವಿಂಗಡಿಸಿ ಹೇಳಿರೆಂದು ಚಿತ್ರಕಾರನನ್ನು ಕೇಳುವ ಹಕ್ಕು ಅವಳಿಗಿದೆ.

ಪ್ರಶ್ನೆ: ನಿಮ್ಮ ರಾಜಾಸಾರಸ್ ಮಣ್ಣಿನ ಬಣ್ಣದ್ದು. ನನ್ನ ಮೊಮ್ಮಗನ ಪುಸ್ತಕದಲ್ಲಿ ಅದು ಹಸಿರು, ಮೊಬೈಲಿನಲ್ಲಿ ಕೆಂಪು ಪಟ್ಟೆಯದು. ಯಾವುದು ಸರಿ?
– ಕಾಫಿ ಬೆಳೆಗಾರರು, ಸಕಲೇಶಪುರ

ಮೂರಕ್ಕೂ ಪುರಾವೆಯಿಲ್ಲ. ರಾಜಾಸಾರಸ್‌ನ ಚರ್ಮದ ಚೂರೂ ದೊರೆತಿಲ್ಲ. ಅದಕ್ಕೆ ಹುರುಪೆಗಳಿದ್ದವೆಂದು ನಾವು ಬರೆಯುವುದಕ್ಕೆ ಆಧಾರ ಮತ್ತೆ ಆ ಕಾರ್ನೊಟಾರಸ್ಸೇ. ಅದರ ಅಸ್ಥಿಪಂಜರದೊಂದಿಗೆ ಚರ್ಮದ ಅಚ್ಚುಗಳೂ ಸಿಕ್ಕಿದ್ದು, ಅವುಗಳಲ್ಲಿ ಸಣ್ಣ ಹುರುಪೆಗಳ ನಡುವೆ ದೊಡ್ಡ ಗುಬುಟುಗಳು ಹರಡಿಕೊಂಡಿವೆ, ಗರಿಯ ಸುಳಿವಿಲ್ಲ. ಆದರೆ ಅಚ್ಚಿನಲ್ಲಿ ಉಳಿಯುವುದು ಮೇಲ್ಮೈಯ ಆಕಾರ, ಬಣ್ಣವಲ್ಲ.

ಹಾಗೆಂದು ಬಣ್ಣವನ್ನು ಎಂದೆಂದಿಗೂ ತಿಳಿಯಲಾಗದು ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. ಗರಿ ಮತ್ತು ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಮೆಲನೊಸೋಮ್ ಎಂಬ ಅತಿ ಸೂಕ್ಷ್ಮ ಕಣಗಳಲ್ಲಿ ತುಂಬಿರುತ್ತದೆ. ಪಳೆಯುಳಿಕೆಯ ಗರಿಗಳಲ್ಲಿ ಕಾಣುತ್ತಿದ್ದ ಇಂತಹ ಕಣಗಳನ್ನು ಬಹುಕಾಲ ಬ್ಯಾಕ್ಟೀರಿಯಾಗಳೆಂದು ತಿಳಿಯಲಾಗಿತ್ತು. ಅವು ಮೆಲನೊಸೋಮ್‌ಗಳೇ ಎಂದು 2008ರಲ್ಲಿ ವಾದಿಸಲಾಯಿತು. ಉದ್ದನೆಯವು ಕಪ್ಪು ಛಾಯೆಯನ್ನೂ ದುಂಡನೆಯವು ಕೆಂಗಂದು ಛಾಯೆಯನ್ನೂ ಸೂಚಿಸುತ್ತವೆ. ಇದೇ ಆಧಾರದ ಮೇಲೆ 2010ರಲ್ಲಿ ಚೀನಾದ ಸೈನೊಸಾರೊಪ್ಟೆರಿಕ್ಸ್ ಎಂಬ ಡೈನೊಸಾರ್‌ನ ಬಾಲದಲ್ಲಿ ಕೆಂಗಂದು ಮತ್ತು ತಿಳಿ ಬಣ್ಣದ ಪಟ್ಟೆಗಳಿದ್ದವೆಂದೂ, ಆಂಕಿಯಾರ್ನಿಸ್ ಎಂಬ ಗರಿಯುಳ್ಳ ಪುಟ್ಟ ಪ್ರಾಣಿಗೆ ಕಪ್ಪು-ಬಿಳುಪಿನ ಮೈ ಮತ್ತು ನೆತ್ತಿಯ ಮೇಲೆ ಕೆಂಗಂದು ಗರಿಗಳಿದ್ದವೆಂದೂ ತೋರಿಸಲಾಯಿತು. ಕೆನಡಾದ ಆಲ್ಬರ್ಟಾದ ಗಣಿಯೊಂದರಲ್ಲಿ 2011ರಲ್ಲಿ ದೊರೆತ ಬೋರಿಯಲೊಪೆಲ್ಟಾ ಎಂಬ ಕವಚಧಾರಿಯ ಚರ್ಮದಲ್ಲಿ ಉಳಿದಿದ್ದ ರಾಸಾಯನಿಕ ಕುರುಹುಗಳು, ಅದರ ಬೆನ್ನು ಕೆಂಗಂದಾಗಿಯೂ ಹೊಟ್ಟೆಯ ಕಡೆ ತಿಳಿಯಾಗಿಯೂ ಇತ್ತೆಂದು ಸೂಚಿಸಿದವು. ಬೆನ್ನು ಗಾಢ, ಹೊಟ್ಟೆ ತಿಳಿ ಎಂಬ ಈ ಹೊಂದಾಣಿಕೆ ಬೇಟೆಗಾರನ ಕಣ್ಣು ತಪ್ಪಿಸಲು ನೆರವಾಗುತ್ತದೆ. ಟನ್ನಿಗೂ ಹೆಚ್ಚು ತೂಗುತ್ತಿದ್ದ ಕವಚಧಾರಿಗೂ ಅಡಗಿಕೊಳ್ಳುವ ಅಗತ್ಯವಿತ್ತೆಂದರೆ ಆಗಿನ ಬೇಟೆಗಾರರು ಎಂಥವರಿದ್ದಿರಬೇಕು!

ಮೆಲನಿನ್ ಎಲ್ಲ ಬಣ್ಣಗಳ ಕಥೆಯನ್ನೂ ಹೇಳುವುದಿಲ್ಲ ಎಂಬುದನ್ನೂ ಸೇರಿಸಬೇಕು. ಆಹಾರದಿಂದ ಬರುವ ಹಳದಿ-ಕೆಂಪು ವರ್ಣಕಗಳು ಪಳೆಯುಳಿಕೆಯಲ್ಲಿ ಉಳಿಯುವುದು ಬಹಳ ಅಪರೂಪ. ಇಂತಹ ಪುರಾವೆ ಇಲ್ಲದ ಕಡೆ ಚಿತ್ರಕಾರರು ಇಂದಿನ ದೊಡ್ಡ ಪ್ರಾಣಿಗಳ ಮಾಸಲು ಮೈಬಣ್ಣವನ್ನು ಅನುಸರಿಸುವುದುಂಟು. ನಾನೂ ಅದನ್ನೇ ಮಾಡಿದ್ದೇನೆ. ಆದರೂ ಹುಲಿ ಮತ್ತು ಸಿಂಹದ ಅಸ್ಥಿಪಂಜರಗಳನ್ನು ಬೇರ್ಪಡಿಸಲು ತಜ್ಞರೂ ತಿಣುಕಬೇಕು, ಮೇಲಿನ ಪಟ್ಟೆಯನ್ನು ಮೂಳೆಯಿಂದ ಯಾರೂ ಊಹಿಸಲಾರರು. ಆದ್ದರಿಂದ ಮೊಮ್ಮಗನ ಪುಸ್ತಕದ ಹಸಿರನ್ನು ತಪ್ಪೆಂದು ಹೇಳುವ ಅಧಿಕಾರ ನನಗಿಲ್ಲ. ಅದೇ ಹಸಿರನ್ನು ಸೈನೊಸಾರೊಪ್ಟೆರಿಕ್ಸ್‌ಗೆ ಬಳಿದಿದ್ದರೆ ತಪ್ಪೆಂದು ಧೈರ್ಯವಾಗಿ ಹೇಳುತ್ತಿದ್ದೆ.

ಪ್ರಶ್ನೆ: ನಾವು ಓದುವ ಕಾಲದಲ್ಲಿ ಡೈನೊಸಾರ್‌ಗಳು ಬಾಲವನ್ನು ನೆಲಕ್ಕೆಳೆದುಕೊಂಡು ನಡೆಯುತ್ತಿದ್ದವು. ಈಗಿನ ಚಿತ್ರಗಳಲ್ಲಿ ಬಾಲ ಮೇಲೆದ್ದಿದೆ. ಮುಂದೆ ಇನ್ನೇನು ಬದಲಾಗುತ್ತದೋ? ಇದನ್ನು ನಂಬುವುದು ಹೇಗೆ?
– ನಿವೃತ್ತ ಮುಖ್ಯೋಪಾಧ್ಯಾಯರು, ಕಡೂರು

ಬದಲಾವಣೆ ಪ್ರತಿ ಸಲವೂ ಯಾವ ಕಾರಣದಿಂದ ಆಯಿತೆಂದು ನೋಡಿದರೆ ನಂಬಿಕೆ ಹೆಚ್ಚಬೇಕೇ ಹೊರತು ಕುಗ್ಗಬಾರದು. ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಇಗ್ವಾನೊಡಾನ್ ಎಂಬ ಡೈನೊಸಾರ್‌ಗೆ ಹೆಸರಿಟ್ಟಾಗ ಅವರ ಬಳಿ ಇದ್ದದ್ದು ಮುಖ್ಯವಾಗಿ ಹಲ್ಲುಗಳು. ಮುಂದೆ ಸಿಕ್ಕ ಮೂಳೆಗಳಲ್ಲಿ ಶಂಕುವಿನಾಕಾರದ ಒಂದು ಚೂಪು ಮೂಳೆಯಿತ್ತು. ಅದನ್ನು ಮೂಗಿನ ಮೇಲಿನ ಕೊಂಬೆಂದು ಬಗೆದು, 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನಕ್ಕಾಗಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ನಿರ್ಮಿಸಿದ ಮೂರ್ತಿಗಳಲ್ಲಿಯೂ ಹಾಗೆಯೇ ಇರಿಸಲಾಯಿತು. ಬೆಲ್ಜಿಯಂನ ಬರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ 1878ರಲ್ಲಿ ಇಡಿಯಾದ ಅಸ್ಥಿಪಂಜರಗಳು ಸಾಲುಸಾಲಾಗಿ ದೊರೆತಾಗ ಅದು ಕೈಯ ಹೆಬ್ಬೆರಳಿನ ಮುಳ್ಳೆಂದು ತಿಳಿಯಿತು. ಆ ಅಸ್ಥಿಪಂಜರಗಳನ್ನು ಕಾಂಗರೂವಿನಂತೆ ಕೂರಿಸಿ ನಿಲ್ಲಿಸಲು ಬಾಲವನ್ನು ಅಸಹಜವಾಗಿ ಬಗ್ಗಿಸಬೇಕಾಯಿತು. ಆದರೆ ಬಾಲದ ಉದ್ದಕ್ಕೂ ಇದ್ದ, ಮೂಳೆಯಾಗಿ ಗಟ್ಟಿಗೊಂಡ ಸ್ನಾಯುರಜ್ಜುಗಳು ಅದು ಹಾಗೆ ಬಗ್ಗಲಾರದೆಂದು ಹೇಳುತ್ತಿದ್ದವು. ಆ ಮಾತನ್ನು ಕೇಳಿಸಿಕೊಳ್ಳಲು ಸುಮಾರು ಒಂದು ಶತಮಾನ ಹಿಡಿಯಿತು. ನೆಲದ ಮೇಲೆ ಉಳಿದ ಹೆಜ್ಜೆಗುರುತುಗಳ ನಡುವೆ ಬಾಲ ಎಳೆದ ಗೆರೆ ಕಾಣುವುದು ತೀರ ವಿರಳ ಎಂಬುದೂ ಇದಕ್ಕೆ ಒತ್ತಾಸೆಯಾಯಿತು. ಜಾನ್ ಆಸ್ಟ್ರಂ 1969ರಲ್ಲಿ ವಿವರಿಸಿದ ಡೈನೊನಿಕಸ್‌ನ ಬಾಲವಂತೂ ಓಟದಲ್ಲಿ ಸಮತೋಲ ಕಾಯುವ ಬಿಗಿಯಾದ ಕೋಲಿನಂತಿತ್ತು.

ಹಾಕಿನ್ಸ್ ಅವರನ್ನು ನಾನು ಗೌರವಿಸುತ್ತೇನೆ. ತಮ್ಮ ಕಾಲದ ಮೂಳೆಗಳನ್ನು ಅವರು ಶ್ರದ್ಧೆಯಿಂದ ಓದಿದ್ದರು. ಇಂದಿನ ಪುರಾವೆಯನ್ನು ಕೈಯಲ್ಲಿಟ್ಟುಕೊಂಡೂ ಹಳೆಯ ಚಿತ್ರಗಳನ್ನೇ ನಕಲು ಮಾಡುವವರ ವಿಷಯದಲ್ಲಿ ನನಗೆ ಆ ಗೌರವವಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯ ಪ್ರಾಚೀನ ದೃಶ್ಯವೊಂದನ್ನು ಬರೆಯಬೇಕೆಂಬ ಆಸೆಯಿದೆ. ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ ಡೈನೊಸಾರ್ ಪಳೆಯುಳಿಕೆ ಸಿಗಬಹುದೇ?
– ಪದವಿ ವಿದ್ಯಾರ್ಥಿ, ಚಿಕ್ಕಮಗಳೂರು

ಸಿಗುವುದಿಲ್ಲ. ಆದರೆ ನಿಮ್ಮ ಆಸೆ ಇದರಿಂದ ಮುರಿಯಬೇಕಾಗಿಲ್ಲ, ಏಕೆಂದರೆ ನಿಮ್ಮ ಜಿಲ್ಲೆಯ ಕಲ್ಲುಗಳು ಡೈನೊಸಾರ್‌ಗಿಂತ ಬಹಳ ಹಳೆಯ ಜಗತ್ತನ್ನು ಹೊತ್ತಿವೆ. ಹಾಸನ ಜಿಲ್ಲೆಯ ಗೊರೂರಿನ ಸುತ್ತಲಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷಗಳ ವಯಸ್ಸು. ಬಾಬಾಬುಡನ್ ಸಾಲಿನ ಶಿಲೆಗಳು ಅದಕ್ಕಿಂತ ಚಿಕ್ಕವಾದರೂ 260 ಕೋಟಿ ವರ್ಷಗಳಿಗೂ ಹಿಂದಿನವು. ಮೂಳೆಯಿರುವ ಪ್ರಾಣಿಯಿರಲಿ, ಬರಿಗಣ್ಣಿಗೆ ಕಾಣುವ ಪ್ರಾಣಿಗಳ ಅತಿ ಹಳೆಯ ಕುರುಹುಗಳೇ ಸುಮಾರು 57 ಕೋಟಿ ವರ್ಷಗಳ ಆಚೆಗೆ ಹೋಗುವುದಿಲ್ಲ. ಡೈನೊಸಾರ್‌ಗಳ ಕಾಲದಲ್ಲಿ ನಮ್ಮ ಸೀಮೆ ಸವೆಯುತ್ತಿದ್ದ ನೆಲವಾಗಿತ್ತು; ಅಂದಿನ ಕೆಸರು-ಮರಳು ಪದರುಶಿಲೆಯಾಗಿ ಇಲ್ಲಿ ಉಳಿಯಲಿಲ್ಲ. ಇಲ್ಲಿ ಆ ಪ್ರಾಣಿಗಳು ಓಡಾಡಿರಲೇ ಇಲ್ಲವೆಂದು ಇದರಿಂದ ತೀರ್ಮಾನಿಸಬೇಡಿ. ಓಡಾಡಿದ್ದಿರಬಹುದು, ಆದರೆ ಸಾಕ್ಷಿ ಹೇಳುವ ಕಲ್ಲು ಇಲ್ಲ. ಕರ್ನಾಟಕದಲ್ಲಿ ದೊಡ್ಡ ಪ್ರಾಣಿಯ ಪಳೆಯುಳಿಕೆಯನ್ನೇ ಬರೆಯಬೇಕೆಂದರೆ ಉತ್ತರಕ್ಕೆ, ಗೋಕಾಕದ ಕಡೆಗೆ ಹೋಗಬೇಕು. ಅಲ್ಲಿನ ಚಿಕ್ಕದೋಳಿಯ ಬಳಿ ದೊರೆತ ಘೇಂಡಾಮೃಗದ ಮೂಳೆಗಳನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವಿವರಿಸಿದರು. ಅವು ಭೂಮಿಯ ಲೆಕ್ಕದಲ್ಲಿ ನಿನ್ನೆ ಮೊನ್ನೆಯವು.

ಈಗ ಬಾಬಾಬುಡನ್ ದೃಶ್ಯಕ್ಕೆ ಬರೋಣ. ಚಿಕ್ಕಮಗಳೂರಿನ ಹತ್ತಿರದ ಕರ್ತಿಕೆರೆಯಲ್ಲಿ, ಉರುಳುಗಲ್ಲುಗಳು ಒತ್ತಿ ಗಟ್ಟಿಯಾದ ಶಿಲೆ ಈ ಸಾಲಿನ ಬುಡದಲ್ಲಿ ಕಾಣಸಿಗುತ್ತದೆ. ಅಲ್ಲಿ ನೀರು ಹರಿದಿತ್ತು, ಕಲ್ಲುಗಳನ್ನು ಉರುಳಿಸಿ ದುಂಡಗೆ ಮಾಡಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅದರ ಮೇಲಿನ ಬಿಳಿಗಲ್ಲಿನ ಪದರಗಳಲ್ಲಿ ಓರೆಯಾಗಿ ಜೋಡಿಸಿಟ್ಟಂತೆ ಕಾಣುವ ಮರಳಿನ ಗೆರೆಗಳು ಹರಿವಿನ ದಿಕ್ಕನ್ನೂ ಹೇಳುತ್ತವೆ. ನಡುನಡುವೆ ಲಾವಾ ಹರಿದು ತಣಿದ ಪದರಗಳಿವೆ. ಮೇಲ್ಭಾಗದಲ್ಲಿ, ಮುಳ್ಳಯ್ಯನಗಿರಿಯ ಹೆಸರನ್ನೇ ಹೊತ್ತ ಪದರದಲ್ಲಿ, ಕಬ್ಬಿಣ ಮತ್ತು ಸಿಲಿಕಾ ಒಂದರ ಮೇಲೊಂದು ತೆಳುಪಟ್ಟಿಗಳಾಗಿ ಕುಳಿತ ಶಿಲೆಯಿದೆ. ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಇದು ರೂಪುಗೊಂಡಿತು. ವಾತಾವರಣದಲ್ಲಿ ಆಮ್ಲಜನಕ ಗಣನೀಯವಾಗಿ ಹೆಚ್ಚಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಅಂದರೆ ಇದಾದ ಬಳಿಕ.

ಈ ಸಾಕ್ಷಿಗಳಿಂದ ಚಿತ್ರವನ್ನು ಕಟ್ಟಿ. ದಂಡೆಯ ಮೇಲೆ ಒಂದು ಎಸಳು ಹುಲ್ಲೂ ಇರಕೂಡದು, ಪಾಚಿಗಿಡವೂ ಇರಕೂಡದು. ಬೇರು ಹಿಡಿದಿಡದ ಕಾರಣ ನದಿಗಳು ಒಂದೇ ಪಾತ್ರದಲ್ಲಿ ಸುತ್ತಿಬಳಸದೆ ಹಲವು ಕವಲುಗಳಾಗಿ ಅಗಲಕ್ಕೆ ಹರಡಿಕೊಂಡಿರಲಿ. ಆಳವಿಲ್ಲದ ನೀರಿನಂಚಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಗುಬ್ಬಿಗಳನ್ನು ಇಡಲು ಬಯಸಿದರೆ, ತುಮಕೂರು ಜಿಲ್ಲೆಯ ದೊಡ್ಡಗುಣಿ ಮತ್ತು ಶಿವಮೊಗ್ಗ ಜಿಲ್ಲೆಯ ಕುಂಸಿಯಲ್ಲಿ ಅಂಥವು ವರದಿಯಾಗಿವೆ. ಆ ಪ್ರದೇಶಗಳ ದೃಶ್ಯವೆಂದು ಬರೆಯುವುದು ಪ್ರಾಮಾಣಿಕ. ಅವುಗಳ ಜೀವಂತ ಮಾದರಿಗೆ ಆಸ್ಟ್ರೇಲಿಯಾದ ಶಾರ್ಕ್ ಬೇ ತೀರದ ಫೋಟೊಗಳನ್ನು ನೋಡಿ. ಚಂದ್ರ ಆಗ ಹತ್ತಿರವಿದ್ದ, ಹಗಲು-ರಾತ್ರಿ ಚಿಕ್ಕದಾಗಿದ್ದವು ಎಂಬುದು ನಿಜ. ಆದರೆ ಆಕಾಶದ ಕಾಲುಭಾಗವನ್ನು ನುಂಗುವ ಚಂದ್ರನನ್ನು ಬರೆಯುವ ಈಗಿನ ಚಾಳಿಗೆ ಆಧಾರವಿಲ್ಲ. ಇಂದಿಗಿಂತ ತುಸು ದೊಡ್ಡದಾಗಿ ಕಂಡರೆ ಸಾಕು. ಡೈನೊಸಾರ್ ಇಲ್ಲದ ಈ ಚಿತ್ರವನ್ನು ನೋಡಿ ಗೆಳೆಯರು ಮೂಗು ಮುರಿದರೂ, ನನ್ನ ಮಟ್ಟಿಗೆ ಇದು ರಾಜಾಸಾರಸ್‌ಗಿಂತ ಕಷ್ಟದ, ಹಾಗಾಗಿಯೇ ಹೆಚ್ಚು ಕುತೂಹಲದ ವಸ್ತು.

ಪ್ರಶ್ನೆ: ದೇವಾಲಯದ ಮಕರವನ್ನು ತೋರಿಸಿದಾಗ ಪ್ರವಾಸಿಗರು, ‘ಇದು ಡೈನೊಸಾರ್ ಮೂಳೆ ಕಂಡು ಕೆತ್ತಿದ್ದಲ್ಲವೇ?’ ಎಂದು ಕೇಳುತ್ತಾರೆ.
– ಪ್ರವಾಸಿ ಮಾರ್ಗದರ್ಶಿ, ಹಳೇಬೀಡು

ಅಲ್ಲವೆಂದು ಹೇಳಿಬಿಡಿ. ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ರೂಪಾಂತರಗೊಂಡ ಅತಿ ಪ್ರಾಚೀನ ಶಿಲೆ, ಅದರಲ್ಲಿ ಯಾವ ಪ್ರಾಣಿಯ ಮೂಳೆಯೂ ಇರಲಾರದು. ಮಕರವಾದರೋ ಹೊಯ್ಸಳರಿಗಿಂತ ಬಹಳ ಹಿಂದಿನಿಂದ ಭಾರತದ ಶಿಲ್ಪದಲ್ಲಿ ಬೆಳೆದುಬಂದ, ಸೊಂಡಿಲು, ಮೊಸಳೆಯ ದವಡೆ, ಎಲೆಬಳ್ಳಿಯ ಬಾಲಗಳನ್ನು ಕೂಡಿಸಿದ ಕಲ್ಪನೆ. ಶಿಲ್ಪಿಗೆ ಆ ಸ್ವಾತಂತ್ರ್ಯವಿತ್ತು, ನನ್ನಂಥವನಿಗೆ ಇಲ್ಲ.

ಪ್ರಶ್ನೆ: ಡೈನೊಸಾರ್ ಚಿತ್ರಕ್ಕೆ ಹಿನ್ನೆಲೆಯಾಗಿ ನಮ್ಮ ಬಿಸಿಲೆ ಕಾಡನ್ನೇ ಬರೆಯಬಹುದೇ? ಹುಲ್ಲು ಆಗ ಇತ್ತೇ?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಯಾವ ಡೈನೊಸಾರ್ ಎಂಬುದರ ಮೇಲೆ ಉತ್ತರ ನಿಂತಿದೆ. ರಾಜಾಸಾರಸ್ ದೊರೆತ ಲಮೇಟಾ ಶಿಲಾಸ್ತರದಲ್ಲಿ ಸುಣ್ಣದ ಗಂಟುಗಳಿರುವ ಹಳೆಯ ಮಣ್ಣಿನ ಪದರಗಳು ಕಾಣುತ್ತವೆ. ಮಳೆ ಕಡಿಮೆಯಿದ್ದು, ತೇವ ಮತ್ತು ಒಣಹವೆ ಸರದಿಯಲ್ಲಿ ಬರುವ ಕಡೆ ಇಂತಹ ಮಣ್ಣು ರೂಪುಗೊಳ್ಳುತ್ತದೆ. ಹಾಗಾಗಿ ಬೆಳಕು ಮತ್ತು ನೆಲದ ಬಣ್ಣಕ್ಕೆ ಬಿಸಿಲೆಯ ಮಳೆಕಾಡಿಗಿಂತ ಅರಸೀಕೆರೆ-ಕಡೂರಿನ ಬಯಲುಸೀಮೆಯೇ ಹೆಚ್ಚು ನೆರವಾದೀತು. ನನ್ನ ಚಿತ್ರದ ನೆಲವನ್ನು ನಾನು ಅಲ್ಲಿಯೇ ಕುಳಿತು ಬರೆದೆ. ಗಿಡಮರಗಳನ್ನು ಮಾತ್ರ ಅಲ್ಲಿಂದ ತರಲಿಲ್ಲ.

ಹುಲ್ಲಿನ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಸ್ವಾರಸ್ಯಕರ ಸಾಕ್ಷಿಯಿದೆ. ಮಹಾರಾಷ್ಟ್ರದ ಪಿಸ್ದೂರಾದಲ್ಲಿ ಸಿಕ್ಕ ಕಲ್ಲಾದ ಲದ್ದಿಗಳನ್ನು ಪರೀಕ್ಷಿಸಿದ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು, ಅವುಗಳಲ್ಲಿ ಹಲವು ಬಗೆಯ ಹುಲ್ಲುಗಳ ಸಿಲಿಕಾ ಕಣಗಳಿರುವುದನ್ನು 2005ರಲ್ಲಿ ಪ್ರಕಟಿಸಿದರು. ತಾಳೆಯ ಜಾತಿಯವು, ಪೈನ್‌ನಂತಹ ಶಂಕುಧಾರಿಗಳು ಮತ್ತು ಇತರ ಗಿಡಗಳ ಅಂಶಗಳೂ ಅವುಗಳಲ್ಲಿದ್ದವು. ಡೈನೊಸಾರ್‌ಗಳ ಕಾಲದಲ್ಲಿ ಹುಲ್ಲೇ ಇರಲಿಲ್ಲವೆಂಬ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು. ಆದರೆ ವಿಶಾಲವಾದ ಹುಲ್ಲುಗಾವಲುಗಳು ಹರಡಿದ್ದು ಬಹಳ ತಡವಾಗಿ. ಆದ್ದರಿಂದ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಆ ದೃಶ್ಯದಲ್ಲಿ ತಾಳೆಗಳ ನಡುವೆ ಅಲ್ಲೊಂದು ಇಲ್ಲೊಂದು ಹುಲ್ಲಿನ ಬುಡವನ್ನು ಬರೆಯಬಹುದು, ಮುಳ್ಳಯ್ಯನಗಿರಿಯ ಬೋಳುಗುಡ್ಡದಂತೆ ಹುಲ್ಲಿನ ಹಾಸನ್ನು ಬರೆಯಬಾರದು. ತೆಲಂಗಾಣದ ಬಾರಾಪಾಸಾರಸ್‌ನಂತಹ, ಇದಕ್ಕಿಂತ ಬಹಳ ಹಿಂದಿನ ಜುರಾಸಿಕ್ ಕಾಲದ ಡೈನೊಸಾರ್‌ನ ಪಕ್ಕದಲ್ಲಿಯಂತೂ ಹುಲ್ಲೂ ಬೇಡ, ಹೂವೂ ಬೇಡ. ಅಲ್ಲಿಗೆ ಶಂಕುಧಾರಿಗಳು, ಜರೀಗಿಡಗಳು ಮತ್ತು ಸೈಕಾಸ್‌ಗಳ ಬಂಧುಗಳು ಸಲ್ಲುತ್ತವೆ. ಘಟ್ಟದ ತೊರೆಗಳ ಬದಿಯ ಮರಜರೀಗಿಡವನ್ನು ನೋಡಿ ಅಭ್ಯಾಸ ಮಾಡಿ. ಆದರೆ ತೋಟದ ಸೈಕಾಸನ್ನು ಇದ್ದ ಹಾಗೆಯೇ ಎತ್ತಿಡಬೇಡಿ, ಏಕೆಂದರೆ ಇಂದಿನ ಸೈಕಾಸ್ ಪ್ರಭೇದಗಳಲ್ಲಿ ಹೆಚ್ಚಿನವು ಕವಲೊಡೆದದ್ದು ಕಳೆದ ಒಂದೂಕಾಲು ಕೋಟಿ ವರ್ಷಗಳಲ್ಲಿ ಎಂದು ವಂಶವಾಹಿ ಅಧ್ಯಯನಗಳು ತಿಳಿಸಿವೆ.

ಬಿಸಿಲೆಯನ್ನೇ ಬರೆಯಬೇಕೆಂಬ ಹಂಬಲವಿದ್ದರೆ ಡೈನೊಸಾರ್‌ಗಳನ್ನು ಬಿಟ್ಟು ಮುಂದಕ್ಕೆ ಬನ್ನಿ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ದೊರೆತ ಸುಮಾರು 5 ಕೋಟಿ ವರ್ಷಗಳ ಹಿಂದಿನ ರಾಳಶಿಲೆ ಡಿಪ್ಟೆರೊಕಾರ್ಪ್ ಜಾತಿಯ ಮರಗಳಿಂದ ಒಸರಿದ್ದು. ಅದರೊಳಗೆ ನೂರಾರು ಕೀಟಗಳು ಸಿಕ್ಕಿವೆ. ಅದೇ ಕುಟುಂಬದ ಎತ್ತರದ ಮರಗಳು ಬಿಸಿಲೆಯಲ್ಲಿ ಇಂದೂ ನಿಂತಿವೆ. ಅಲ್ಲಿಂದ ಹತ್ತಾರು ಲಕ್ಷ ವರ್ಷ ಈಚೆಗೆ, ಸುಮಾರು 4.7 ಕೋಟಿ ವರ್ಷಗಳ ಹಿಂದೆ, ಕಚ್ಛ್ ಪ್ರದೇಶದಲ್ಲಿ ವಾಸುಕಿ ಇಂಡಿಕಸ್ ಎಂಬ ಹೆಬ್ಬಾವಿನಂತಹ ಹಾವು ಬದುಕಿತ್ತು. ಬೆನ್ನುಮೂಳೆಯ 27 ಮಣಿಗಳಷ್ಟೇ ಸಿಕ್ಕಿದ್ದು, ಅವುಗಳಿಂದ ಅದರ ಉದ್ದ 11ರಿಂದ 15 ಮೀಟರ್ ಎಂದು 2024ರಲ್ಲಿ ಅಂದಾಜಿಸಲಾಗಿದೆ. ಈ ಅಂತರ ಸಣ್ಣದಲ್ಲ. ಪತ್ರಿಕೆಗಳಲ್ಲಿ ಬಂದ ಹಲವು ಚಿತ್ರಗಳು 15 ಮೀಟರನ್ನೇ ಹಿಡಿದವು. ನೀವು ಬರೆಯುವುದಾದರೆ ಹಾವನ್ನು ಸುರುಳಿ ಸುತ್ತಿ ಮಲಗಿಸಿ. ಉದ್ದದ ವಿವಾದವನ್ನು ಸುರುಳಿಯೊಳಗೆ ಅಡಗಿಸಿಡಬಹುದು.

ಇನ್ನೊಂದು ಎಚ್ಚರ. ಒಂದೇ ಶಿಲಾಸ್ತರದಲ್ಲಿ ಸಿಕ್ಕ ಪ್ರಾಣಿಗಳೆಲ್ಲ ಒಂದೇ ದಿನ ಒಂದೇ ಕೆರೆಗೆ ನೀರಿಗೆ ಬಂದಿದ್ದವೆಂದು ತಿಳಿಯಬಾರದು. ಒಂದು ಸ್ತರ ಲಕ್ಷಾಂತರ ವರ್ಷಗಳನ್ನು ಒಳಗೊಂಡಿರಬಹುದು. ಹೆಣಗಳನ್ನು ನದಿ ಎಲ್ಲಿಂದಲೋ ಹೊತ್ತು ತಂದಿರಬಹುದು. ಹೂಳು ಬೇಗ ಮುಚ್ಚುವ ತಗ್ಗುಪ್ರದೇಶದ ಜೀವಿಗಳು ಹೆಚ್ಚು ಉಳಿಯುತ್ತವೆ, ಬೆಟ್ಟದ ಕಾಡಿನವು ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ಮಲೆನಾಡಿನ ಹುಳಿಮಣ್ಣಿನಲ್ಲಿ, ಆ ಮಳೆಯಲ್ಲಿ, ಸತ್ತ ಪ್ರಾಣಿಯ ಮೂಳೆ ಎಷ್ಟು ಬೇಗ ಕರಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎರಡು ಪ್ರಾಣಿಗಳು ನಿಜವಾಗಿ ಎದುರುಬದುರಾಗಿದ್ದವೆಂದು ಕಲ್ಲೇ ಹೇಳುವ ಸಂದರ್ಭಗಳು ಬೆರಳೆಣಿಕೆಯವು. ಅಂತಹ ಒಂದು ನಮ್ಮ ದೇಶದಲ್ಲಿಯೇ ಇದೆ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಧನಂಜಯ ಮೊಹಬೆ 1980ರ ದಶಕದಲ್ಲಿ ಹೊರತೆಗೆದ ಒಂದು ಗೂಡಿನಲ್ಲಿ, ಒಡೆದ ಡೈನೊಸಾರ್ ಮೊಟ್ಟೆಯನ್ನು ಸುತ್ತಿಕೊಂಡು ಸುಮಾರು ಮೂರೂವರೆ ಮೀಟರ್ ಉದ್ದದ ಹಾವು ಮಲಗಿದೆ. ಪಕ್ಕದಲ್ಲಿ ಅರ್ಧ ಮೀಟರ್ ಉದ್ದದ ಮರಿ. ಆ ಹಾವಿಗೆ ಸನಾಜೆ ಇಂಡಿಕಸ್ ಎಂದು 2010ರಲ್ಲಿ ಹೆಸರಿಡಲಾಯಿತು. ಅಬ್ಬರದ ಕಾದಾಟಗಳನ್ನು ಬರೆಯುವ ಮೊದಲು ಈ ಗೂಡನ್ನು ಒಮ್ಮೆ ಬರೆದು ನೋಡಿರೆಂದು ನನ್ನ ಸಲಹೆ.

ಪ್ರಶ್ನೆ: ಏಳನೇ ತರಗತಿಯ ನನ್ನ ಮಗ ದಿನವೂ ಡೈನೊಸಾರ್ ಬರೆಯುತ್ತಾನೆ. ಸರಿಯಾಗಿ ಕಲಿಯಲು ಎಲ್ಲಿಂದ ಆರಂಭಿಸಬೇಕು?
– ತಂದೆ, ಮೂಡಿಗೆರೆ

ಮನೆಯ ಕೋಳಿಸಾರಿನಿಂದಲೇ ಆರಂಭಿಸಬಹುದು. ಕೋಳಿ ಡೈನೊಸಾರ್‌ನ ವಂಶದ್ದೇ. ಅದರ ಕಾಲು, ಕುತ್ತಿಗೆ, ರೆಕ್ಕೆಯ ಮೂಳೆಗಳನ್ನು ತೊಳೆದು ಒಣಗಿಸಿ, ಜೋಡಿಸಿ, ಪಕ್ಕದಿಂದ ನೋಡಿ ಬರೆಯಲಿ. ಮನೆಯಲ್ಲಿ ಮಾಂಸಾಹಾರದ ರೂಢಿಯಿಲ್ಲದಿದ್ದರೆ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದ ಅಸ್ಥಿಪಂಜರಗಳನ್ನು ನೋಡಲು ಅನುಮತಿ ಕೇಳಿ. ಬರೆಯುವ ಪ್ರತಿ ಚಿತ್ರದಲ್ಲಿಯೂ ಅಳತೆಯ ಗೆರೆಯೊಂದು ಇರಲಿ.

ರಜೆಯಲ್ಲಿ ಹೈದರಾಬಾದಿಗೆ ಹೋಗುವ ಅವಕಾಶವಾದರೆ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನಿಲ್ಲಿಸಿರುವ ಕೋಟಾಸಾರಸ್‌ನ ಅಸ್ಥಿಪಂಜರವನ್ನು ತೋರಿಸಿ. ಅದರ ಹತ್ತಿರದ ಕಾಲದ ಬಾರಾಪಾಸಾರಸ್ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸಂಗ್ರಹಾಲಯದಲ್ಲಿದೆ. ಈ ಎರಡರಲ್ಲಿಯೂ ಹಲ್ಲುಗಳು ಸಿಕ್ಕಿವೆ, ಇಡಿಯಾದ ತಲೆಬುರುಡೆ ಸಿಕ್ಕಿಲ್ಲ. ಮಗನು ಅವುಗಳನ್ನು ಬರೆಯುವಾಗ ಮೂಳೆ ದೊರೆತ ಭಾಗಗಳನ್ನು ತುಂಬುಗೆರೆಯಲ್ಲಿಯೂ ತಲೆಯನ್ನು ಚುಕ್ಕಿಗೆರೆಯಲ್ಲಿಯೂ ಬರೆಯಲಿ, ಆ ಮುಖವನ್ನು ಯಾವ ಪ್ರಾಣಿಯಿಂದ ಎರವಲು ತಂದೆನೆಂದು ಹಾಳೆಯ ಹಿಂಬದಿಯಲ್ಲಿ ಗುರುತು ಹಾಕಿಡಲಿ.